ಚೀಲ ಹೊತ್ತ ಬಾಲಕನ ಗೆಲವು

ಗಾಲ್ಫ್ ಎಂಬುದು ಧನಿಕರ ವಿನೋದವೆಂದು ನಮ್ಮಲ್ಲಿ ಅನೇಕರ ಎಣಿಕೆ. ವಿಶಾಲವಾದ ಹಸುರು ಬಯಲು, ಅದರಲ್ಲಿ ಹದಿನೆಂಟು ಕುಳಿಗಳು. ಚಿಕ್ಕದೊಂದು ಚೆಂಡನ್ನು ಕೋಲಿನಿಂದ ಹೊಡೆದು, ಆದಷ್ಟು ಕಡಮೆ ಏಟುಗಳಲ್ಲಿ ಕುಳಿಗಳನ್ನು ಸೇರಿಸುವುದೇ ಆಟ. ಆಟಗಾರನ ಕೋಲುಗಳ ಚೀಲವನ್ನು ಹೊತ್ತು ಜತೆಯಲ್ಲಿ ನಡೆಯುವ ಕೂಲಿಯವನಿಗೆ ‘ಕ್ಯಾಡಿ’ ಎಂದು ಹೆಸರು. ಆ ಕ್ಯಾಡಿಗಳ ಸಾಲಿನಿಂದಲೇ ಎದ್ದು ಬಂದವನೊಬ್ಬನ ವೃತ್ತಾಂತವನ್ನು ಈ ತಿಂಗಳು ವಾಚಕರಿಗೆ ನಿವೇದಿಸುತ್ತೇವೆ.

ಫ್ರಾನ್ಸಿಸ್ ವೀಮೆಟ್ ಎಂಬಾತನು 1893ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಸೀಮೆಯ ಬ್ರೂಕ್‌ಲೈನ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ಕೆನಡಾದಿಂದ ಬಂದ ತೋಟಗಾರ, ತಾಯಿ ಐರ್ಲೆಂಡಿನವಳು. ಅವರ ಬಡಮನೆಯ ಎದುರಿಗೇ, ರಸ್ತೆಯ ಆಚೆಗೆ, ‘ಕಂಟ್ರಿ ಕ್ಲಬ್’ ಎಂಬ ಶ್ರೀಮಂತರ ಕೂಟದ ಆಟದ ಬಯಲಿದ್ದಿತು. ಬಾಲಕನು ಹನ್ನೊಂದನೆಯ ವಯಸ್ಸಿಗೇ ಅಲ್ಲಿ ಚೀಲ ಹೊರತೊಡಗಿದನು. ನೋಡಿ ನೋಡಿಯೇ ಆಟವನ್ನು ಕಲಿತನು. ಮಗನ ಈ ಗೀಳು ತಂದೆಗೆ ಹಿಡಿಸಲಿಲ್ಲ. ಹುಡುಗನು ಓದನ್ನು ಬಿಟ್ಟು ಆಟದ ಸಾಮಾನಿನ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದನು.

1913ರ ಸೆಪ್ಟೆಂಬರಿನಲ್ಲಿ ಅದೇ ಬಯಲಿನಲ್ಲಿ ಅಮೆರಿಕದ ಓಪನ್ ಪಂದ್ಯ ನಡೆಯಿತು. ಇಂಗ್ಲೆಂಡಿನಿಂದ ಹ್ಯಾರಿ ವಾರ್ಡನ್, ಟೆಡ್ ರೇ ಎಂಬ ಮಹಾರಥಿಗಳು ಬಂದಿದ್ದರು. ಇಪ್ಪತ್ತು ವರ್ಷದ ವೀಮೆಟ್ಟನ ಚೀಲ ಹೊತ್ತವನಾದರೋ ಎಡ್ಡಿ ಲೋವೆರಿ ಎಂಬ ಹತ್ತು ವರ್ಷದ ಪೋರ. ಪಾಠಶಾಲೆಗೆ ಚಕ್ಕರ್ ಹೊಡೆದು ಬಂದಿದ್ದನು! ಮೂವತ್ತು ವರ್ಷ ಹಾಜರಿ ಕರೆದ ನಾವು ಇದನ್ನು ಮೆಚ್ಚಲಾರೆವು. ಆದರೂ ಈ ಒಬ್ಬನನ್ನು ಮಾತ್ರ ಕ್ಷಮಿಸಿಬಿಡುತ್ತೇವೆ.

ನಾಲ್ಕು ಸುತ್ತುಗಳು ಮುಗಿದಾಗ ಮೂವರದೂ 304 ಏಟು, ಸರಿಸಮ. ಮರುದಿನ ನಿರ್ಣಾಯಕ ಸುತ್ತು. ಅಂದು ಬೆಳಗ್ಗೆ ದೊಡ್ಡವರೊಬ್ಬರು ತಾವೇ ಚೀಲ ಹೊರುವುದಾಗಿ ಹೇಳಿ, ಬಿಟ್ಟುಕೊಡಲು ಎಡ್ಡಿಗೆ ಹಣದ ಆಸೆ ತೋರಿಸಿದರು. ಹುಡುಗನು ಒಪ್ಪಲಿಲ್ಲ, ಕಣ್ಣಲ್ಲಿ ನೀರು ತಂದುಕೊಂಡನು. ವೀಮೆಟ್ಟನೂ ಅವನ ಕೈಬಿಡಲಿಲ್ಲ. ತಾನೂ ಒಮ್ಮೆ ಅಂತಹ ಹುಡುಗನೇ ಆಗಿದ್ದನಲ್ಲವೆ? ಆ ದಿನ ವೀಮೆಟ್ 72 ಏಟು, ವಾರ್ಡನ್ 77, ರೇ 78. ಅಂಗಡಿಯ ಹುಡುಗನು ಗೆದ್ದನು. ಓಪನ್ ಪಂದ್ಯವನ್ನು ಗೆದ್ದ ಮೊದಲನೆಯ ಅಮೆರಿಕದ ಅಮೆಚೂರ್ ಆಟಗಾರನಾದನು. ಮರುವರ್ಷ ರಾಷ್ಟ್ರದ ಅಮೆಚೂರ್ ಪಂದ್ಯವನ್ನೂ ಗೆದ್ದನು.

ಹಣಕ್ಕಾಗಿ ಆಡದವನು ಅಮೆಚೂರ್. ಲ್ಯಾಟಿನ್ ಮೂಲದಲ್ಲಿ ಆ ಶಬ್ದಕ್ಕೆ ‘ಪ್ರೀತಿಸುವವನು’ ಎಂದೇ ಅರ್ಥ. ಸುಂದರವಾದ ಶಬ್ದ, ಆದರೆ ಅದರ ಹೆಸರಿನಲ್ಲಿ ನಡೆದ ನ್ಯಾಯವನ್ನು ನೋಡಿರಿ. ವೀಮೆಟ್ ಜೀವನೋಪಾಯಕ್ಕೆಂದು ಆಟದ ಸಾಮಾನಿನ ಅಂಗಡಿಯನ್ನು ತೆರೆದುದೇ ದೋಷವೆಂದು 1916ರಲ್ಲಿ ಅಲ್ಲಿನ ಗಾಲ್ಫ್ ಸಂಘವು ಆತನ ಅಮೆಚೂರ್ ಪದವಿಯನ್ನು ಕಿತ್ತುಕೊಂಡಿತು! ನಿಷ್ಕಾಮಕರ್ಮವು ಶ್ರೇಷ್ಠವೇ ಸರಿ. ಆದರೆ ಪಿತ್ರಾರ್ಜಿತವುಳ್ಳವನಿಗೆ ಅದು ಸುಲಭ, ದುಡಿದುಣ್ಣುವವನಿಗೆ ದುರ್ಲಭ. ಮಹಾಯುದ್ಧದಲ್ಲಿ ಆತನು ಸೈನ್ಯಕ್ಕೆ ಸೇರಿದ ಮೇಲೆ, 1918ರಲ್ಲಿ ಪದವಿ ಮರಳಿತು. ಆತನು ಕೊನೆಯವರೆಗೂ ವೃತ್ತಿ ಆಟಗಾರನಾಗಲಿಲ್ಲ. ಹದಿನೇಳು ವರ್ಷಗಳ ಅಂತರದ ಮೇಲೆ, 1931ರಲ್ಲಿ, ಅಮೆಚೂರ್ ಪಂದ್ಯವನ್ನು ಮತ್ತೆ ಗೆದ್ದನು. 1951ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸಿನ ಪ್ರಾಚೀನ ಕ್ಲಬ್ಬಿಗೆ ನಾಯಕನಾದನು. ಆ ಗೌರವ ಪಡೆದ ಅಮೆರಿಕನ್ನರಲ್ಲಿ ಈತನೇ ಮೊದಲಿಗ. 1967ರಲ್ಲಿ ತೀರಿಕೊಂಡನು.

ಈ ಗೆಲವುಗಳಿಗಿಂತಲೂ ನಮ್ಮ ಮನಸ್ಸನ್ನು ಸೆಳೆದ ಸಂಗತಿ ಬೇರೊಂದಿದೆ. 1949ರಲ್ಲಿ ಆತನ ಹೆಸರಿನಲ್ಲಿ, ಕ್ಯಾಡಿಗಳಾಗಿ ದುಡಿಯುವ ಹುಡುಗರ ಕಾಲೇಜು ವ್ಯಾಸಂಗಕ್ಕಾಗಿ ಒಂದು ವಿದ್ಯಾರ್ಥಿವೇತನ ನಿಧಿ ಸ್ಥಾಪಿತವಾಯಿತು. ಓದನ್ನು ನಡುವೆ ಬಿಟ್ಟವನ ಹೆಸರು ಇತರರ ಓದಿಗೆ ಆಸರೆಯಾಯಿತು.

ನಮ್ಮ ತರಗತಿಯಲ್ಲಿಯೂ ಬುದ್ಧಿವಂತರಾದ ಹುಡುಗರು ಕೆಲವರು ಮೂಟೆ ಹೊರಲು ಹೋಗಿ ಮರಳಿ ಬಾರದೆ ಉಳಿದರು. ಆಗ ನಾವು ಹಾಜರಿಪುಸ್ತಕದಲ್ಲಿ ಅವರ ಹೆಸರನ್ನು ಹೊಡೆದುಹಾಕಿದೆವೇ ಹೊರತು ಮನೆಗೆ ಹೋಗಿ ಕೇಳಲಿಲ್ಲ. ವಾಚಕರ ಮನೆಯ ಅಂಗಳಕ್ಕೂ ಯಾವನೋ ಒಬ್ಬ ಹುಡುಗನು ಹೊರೆ ಹೊತ್ತು ಬರುತ್ತಿರಬಹುದು. ಕೂಲಿಯನ್ನು ಕೊಡುವಾಗ, ಏನು ಓದಿದ್ದೀಯಪ್ಪ ಎಂದು ಒಂದು ಮಾತು ಕೇಳಿರಿ.