ಸಣ್ಣ ಸಹಿಗಳ ದೊಡ್ಡ ಲೆಕ್ಕ

ಮೌಲ್ಯಗಳ ಕುರಿತು ಮಾತನಾಡುವುದು ನಿವೃತ್ತ ಅಧಿಕಾರಿಗಳ ಹವ್ಯಾಸ ಎಂಬ ಹಾಸ್ಯ ನಮ್ಮ ವಲಯದಲ್ಲಿಯೇ ಚಾಲ್ತಿಯಲ್ಲಿದೆ. ಅಧಿಕಾರದಲ್ಲಿದ್ದಷ್ಟು ಕಾಲ ಕಡತದ ಮೇಲೆ ‘ಚರ್ಚಿಸಿ’ ಎಂದು ಬರೆದು ಕೈತೊಳೆದುಕೊಂಡವರು ಪಿಂಚಣಿ ಆರಂಭವಾದೊಡನೆ ಧರ್ಮಸೂಕ್ಷ್ಮಗಳ ಬಗ್ಗೆ ಉಪನ್ಯಾಸ ನೀಡತೊಡಗುತ್ತಾರೆ. ಈ ಹಾಸ್ಯದಲ್ಲಿ ಸತ್ಯವಿದೆ. ಅದರ ಪಾಲು ನನಗೂ ಸಲ್ಲುತ್ತದೆ. ಆದ್ದರಿಂದ ಇಲ್ಲಿ ಉಪದೇಶಕ್ಕಿಂತ ಲೆಕ್ಕಕ್ಕೆ ಹೆಚ್ಚು ಜಾಗ ಕೊಡುವುದು ಲೇಸು. ವ್ಯಾಪಾರದಲ್ಲಿ ನೀತಿ ಎಂಬುದು ಸಭೆ-ಸಮಾರಂಭಗಳ ಅಲಂಕಾರವೋ ಅಥವಾ ಆರ್ಥಿಕ ವ್ಯವಸ್ಥೆಯನ್ನು ಎತ್ತಿ ಹಿಡಿದಿರುವ ಕಂಬವೋ ಎಂಬುದನ್ನು ಪರೀಕ್ಷಿಸಲು ನಮಗೆ ಹೊರದೇಶದ ಉದಾಹರಣೆ ಬೇಕಿಲ್ಲ. ಬಳ್ಳಾರಿಯ ಕಬ್ಬಿಣದ ಅದಿರು ಸಾಕು.

2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆಯ ಕುರಿತ ತಮ್ಮ ಅಂತಿಮ ವರದಿಯನ್ನು ಸರ್ಕಾರಕ್ಕೆ ಸಲ್ಲಿಸಿದರು. ರಾಜ್ಯದ ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಎಂಬ ಅದರ ಅಂಕಿ ಮನೆಮಾತಾಯಿತು. ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿಗಳು ರಾಜೀನಾಮೆ ನೀಡಿದರು. ಮುಂದೆ 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ರಾಜಕಾರಣದ ಈ ಭಾಗವನ್ನು ಪತ್ರಿಕೆಗಳ ಓದುಗರು ಬಲ್ಲರು. ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ಅಂಕಿ ಅದೇ ವರದಿಯಲ್ಲಿದೆ. 2006ರಿಂದ 2010ರವರೆಗಿನ ಅವಧಿಯಲ್ಲಿ ಪರವಾನಗಿಯೇ ಇಲ್ಲದೆ ರಫ್ತಾದ ಅದಿರು ಸುಮಾರು 2 ಕೋಟಿ 98 ಲಕ್ಷ ಟನ್.

ಈ ಅಂಕಿಯನ್ನು ಓದುಗರು ಒಂದು ಗಳಿಗೆ ಲಾರಿಗಳ ಲೆಕ್ಕಕ್ಕೆ ಇಳಿಸಿ ನೋಡಬೇಕು. ಲಾರಿಗೆ ಹದಿನೈದು ಟನ್ನಿನಂತೆ ಹಿಡಿದರೆ ಇದು ಸುಮಾರು 20 ಲಕ್ಷ ಲೋಡು. ಸ್ವಲ್ಪ ಭಾಗ ರೈಲಿನಲ್ಲಿ ಹೋಗಿದ್ದೀತು. ಸಾಕಷ್ಟು ಲಾರಿಗಳು ಮಿತಿಮೀರಿ ತುಂಬಿಕೊಂಡೇ ಓಡುತ್ತಿದ್ದವು. ಆದರೂ ಅಂದಾಜಿಗೆ, ಐದು ವರ್ಷ, ಹಬ್ಬ-ಹುಣ್ಣಿಮೆ ಎನ್ನದೆ ದಿನಕ್ಕೆ ಸಾವಿರ ಲಾರಿ. ಇದು ಕತ್ತಲೆಯಲ್ಲಿ ನಡೆದ ಕಳ್ಳತನವಲ್ಲ. ಸಂಡೂರು, ಹೊಸಪೇಟೆಗಳ ರಸ್ತೆಗಳಲ್ಲಿ, ಘಟ್ಟದ ತಿರುವುಗಳಲ್ಲಿ, ಅಂಕೋಲೆಯ ಬಳಿಯ ಬೇಲೇಕೇರಿ ಬಂದರಿನವರೆಗೆ ಹಾಡಹಗಲಲ್ಲಿ ನಡೆದ ವ್ಯವಹಾರ. ಪ್ರತಿ ಲೋಡಿನ ದಾರಿಯಲ್ಲಿಯೂ ಒಬ್ಬ ತೂಕದವನು, ಒಬ್ಬ ತನಿಖಾ ಠಾಣೆಯ ಸಿಬ್ಬಂದಿ, ಒಬ್ಬ ಬಂದರಿನ ಗುಮಾಸ್ತ, ಒಬ್ಬ ಲೆಕ್ಕ ಬರೆಯುವವನು ಇರಲೇಬೇಕು. ದುರಾಸೆಯ ನಾಲ್ಕು ಜನರಿಂದ ಇಷ್ಟು ಅದಿರು ಸಾಗುವುದಿಲ್ಲ. ಸಾವಿರಾರು ಸಾಮಾನ್ಯರು ತಮ್ಮ ತಮ್ಮ ಸಣ್ಣ ಸಹಿಯನ್ನು ಹಾಕಿದ್ದರಿಂದ ಅಥವಾ ಹಾಕಬೇಕಾದಲ್ಲಿ ಹಾಕದೆ ಮುಖ ತಿರುಗಿಸಿದ್ದರಿಂದ ಅದು ಸಾಗಿತು.

ಪ್ರಲೋಭನೆಯ ಮೂಲ ಸರಳವಾಗಿತ್ತು. ಚೀನಾದ ಉಕ್ಕಿನ ಹಸಿವಿನಿಂದ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಅದಿರಿನ ಬೆಲೆ ಟನ್ನಿಗೆ ಸಾವಿರಾರು ರೂಪಾಯಿಗೆ ಏರಿದ್ದಾಗ ಸರ್ಕಾರಕ್ಕೆ ಸಲ್ಲುತ್ತಿದ್ದ ರಾಜಧನ ಟನ್ನಿಗೆ 27 ರೂಪಾಯಿಯನ್ನು ದಾಟುತ್ತಿರಲಿಲ್ಲ. 2009ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಅದನ್ನು ಬೆಲೆಯ ಶೇ 10ಕ್ಕೆ ಬದಲಿಸುವವರೆಗೂ ಈ ವಿಪರೀತ ಮುಂದುವರಿಯಿತು. ಸಾರ್ವಜನಿಕ ಸಂಪತ್ತಿಗೆ ಇಂತಹ ಬೆಲೆ ಕಟ್ಟಿದ್ದು ಕಾನೂನುಬದ್ಧವಾಗಿಯೇ ಇತ್ತೆಂಬುದನ್ನು ಮರೆಯಬಾರದು. ಕಾನೂನುಬದ್ಧವಾದದ್ದೆಲ್ಲ ನ್ಯಾಯವಲ್ಲ ಎಂಬುದು ಹಳೆಯ ಮಾತು; ಇಲ್ಲಿ ಅದು ಕಣ್ಣಿಗೆ ಕಾಣುವಂತಿತ್ತು.

ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನನ್ನು ಹೆಚ್ಚು ಕಾಡಿದ್ದು ವರದಿಯಲ್ಲಿ ಪ್ರಸ್ತಾಪವಾಗಿರುವ ‘ಜೀರೋ ರಿಸ್ಕ್’ ಎಂಬ ವ್ಯವಸ್ಥೆ. ಪರವಾನಗಿಯಿಲ್ಲದ ಅದಿರು ಗಣಿಯಿಂದ ಬಂದರಿನವರೆಗೆ ಯಾವ ಅಡ್ಡಿಯೂ ಇಲ್ಲದೆ ತಲುಪುವ ಹೊಣೆಯನ್ನು ಕೆಲವರು ಹೊತ್ತುಕೊಳ್ಳುತ್ತಿದ್ದರು. ಪ್ರತಿಯಾಗಿ ಪಾಲು ಪಡೆಯುತ್ತಿದ್ದರು. ಇದನ್ನು ಲಂಚವೆಂದು ಕರೆದರೆ ಅದರ ಸ್ವರೂಪ ಅರ್ಥವಾಗುವುದಿಲ್ಲ. ಲಂಚದಲ್ಲಿ ಒಂದು ಅನಿಶ್ಚಯವಿರುತ್ತದೆ. ಕೊಟ್ಟರೂ ಕೆಲಸವಾದೀತೆಂಬ ಖಾತ್ರಿಯಿಲ್ಲ, ಮುಂದಿನ ಠಾಣೆಯಲ್ಲಿ ಯಾರಿರುತ್ತಾರೋ ತಿಳಿಯದು. ಆ ಅಳುಕೇ ಅನೇಕರನ್ನು ತಪ್ಪಿನಿಂದ ದೂರವಿಡುತ್ತದೆ. ಅಳುಕನ್ನು ತೆಗೆದುಹಾಕಿ ಅಕ್ರಮಕ್ಕೆ ವಿಮೆ ಒದಗಿಸಿದಾಗ ತಪ್ಪು ಎಂಬುದು ವೆಚ್ಚದ ಪಟ್ಟಿಯಲ್ಲಿ ಡೀಸೆಲ್ಲು, ಟೈರುಗಳ ನಂತರ ಬರುವ ಇನ್ನೊಂದು ಬಾಬ್ತಾಗುತ್ತದೆ. ಆ ಹಂತ ತಲುಪಿದ ಸಮಾಜದಲ್ಲಿ ಮನುಷ್ಯರು ಕೆಟ್ಟವರಾಗಬೇಕಾದ ಅಗತ್ಯವೂ ಇರುವುದಿಲ್ಲ. ಲೆಕ್ಕ ಬಲ್ಲವರಾದರೆ ಸಾಕು.

ಇದರ ಪರಿಣಾಮ ಯಾರ ಮೇಲೆ? ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1967-68ರಲ್ಲಿ ದೆಹಲಿಯಲ್ಲಿದ್ದರು. ಅವರಿಗೆ 2001ರ ನೊಬೆಲ್ ಪ್ರಶಸ್ತಿ ತಂದುಕೊಟ್ಟ 1970ರ ಪ್ರಬಂಧ ಹಳೆಯ ಕಾರುಗಳ ಮಾರಾಟದ ಕುರಿತಾದದ್ದೆಂದೇ ಪ್ರಸಿದ್ಧ. ಅದರಲ್ಲಿ ಅಂಗಡಿಯಿಂದ ತಂದ ಅಕ್ಕಿಯಲ್ಲಿ ಅದೇ ಬಣ್ಣದ, ಅದೇ ಆಕಾರದ ಕಲ್ಲುಗಳನ್ನು ಆರಿಸುತ್ತ ಕೂರುವ ಭಾರತದ ಗೃಹಿಣಿಯೂ ಬರುತ್ತಾಳೆ ಎಂಬುದು ಅಷ್ಟು ಪರಿಚಿತವಲ್ಲ. ಮೊರದ ಮುಂದೆ ಕುಳಿತ ನಮ್ಮ ತಾಯಂದಿರನ್ನು ಕಂಡವರಿಗೆ ವಿವರಣೆ ಬೇಡ. ಅಪ್ರಾಮಾಣಿಕತೆಯ ನಿಜವಾದ ಬೆಲೆ ಮೋಸಹೋದವನು ಕಳೆದುಕೊಂಡ ಹಣವಷ್ಟೇ ಅಲ್ಲ, ಪ್ರಾಮಾಣಿಕ ವ್ಯಾಪಾರಿ ಮಾರುಕಟ್ಟೆಯಿಂದಲೇ ಹೊರಬೀಳುವುದು ಎಂಬುದು ಅವರ ವಾದದ ತಿರುಳು. ಕಲ್ಲು ಬೆರೆಸಿದವನ ಬೆಲೆಗೆ ಕಲ್ಲು ಬೆರೆಸದವನು ಮಾರಲಾರ.

ಬಳ್ಳಾರಿಯಲ್ಲಿ ಆದದ್ದೂ ಇದೇ. ಗುತ್ತಿಗೆಯ ಗಡಿಯನ್ನು ಮೀರದೆ, ರಾಜಧನ ಕಟ್ಟಿ, ಅರಣ್ಯದ ಅನುಮತಿಗೆ ಕಾದು ಅದಿರು ತೆಗೆಯುವವನ ಖರ್ಚು ಹೆಚ್ಚು; ನೆರೆಯ ಗುಡ್ಡವನ್ನು ರಾತ್ರೋರಾತ್ರಿ ಬಗೆಯುವವನ ಖರ್ಚು ಕಡಿಮೆ. ಕರ್ನಾಟಕ-ಆಂಧ್ರ ಗಡಿಯ ಗುರುತುಗಳೇ ಅಳಿಸಿಹೋದವು; ಗಡಿಯಲ್ಲಿದ್ದ ಸುಗ್ಗಲಮ್ಮ ದೇವಿಯ ಪುರಾತನ ಗುಡಿ 2006ರಲ್ಲಿ ಸ್ಫೋಟಕ್ಕೆ ಬಲಿಯಾಯಿತು. ಇಂತಹ ಸ್ಪರ್ಧೆಯಲ್ಲಿ ನಿಯಮ ಪಾಲಿಸುವವನಿಗೆ ಉಳಿದದ್ದು ಎರಡೇ ದಾರಿ. ವ್ಯವಹಾರ ಬಿಡಬೇಕು ಅಥವಾ ತಾನೂ ಅದೇ ವಿಮೆ ಕೊಳ್ಳಬೇಕು. ‘ಎಲ್ಲರೂ ಮಾಡುತ್ತಿದ್ದಾರೆ’ ಎಂಬುದನ್ನು ನಾವು ಸಾಮಾನ್ಯವಾಗಿ ನೆಪವೆಂದು ತಳ್ಳಿಹಾಕುತ್ತೇವೆ. ಮಾರುಕಟ್ಟೆಯಲ್ಲಿರುವವನಿಗೆ ಅದು ನೆಪವಲ್ಲ, ವಸ್ತುಸ್ಥಿತಿ.

ಇಲ್ಲಿ ನನ್ನದೊಂದು ಪ್ರಸಂಗವನ್ನು ಹೇಳದಿದ್ದರೆ ಮೇಲಿನ ಮಾತುಗಳನ್ನಾಡುವ ಅಧಿಕಾರ ನನಗಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ನಾನೊಂದು ತಾಲ್ಲೂಕಿನ ತಹಶೀಲ್ದಾರನಾಗಿದ್ದೆ. ಸೀಮೆಎಣ್ಣೆಯ ಸಗಟು ದಾಸ್ತಾನನ್ನು ಖುದ್ದಾಗಿ ಪರಿಶೀಲಿಸಿ ದೃಢೀಕರಿಸಬೇಕಾದದ್ದು ನನ್ನ ಕೆಲಸ. ಬರಗಾಲದ ದಿನಗಳು, ಮೇಜಿನ ಮೇಲೆ ನೂರೆಂಟು ತುರ್ತು ಕಡತ. ಸಿಬ್ಬಂದಿ ಸಿದ್ಧಪಡಿಸಿ ತಂದ ವರದಿಗೆ ‘ಖುದ್ದು ಪರಿಶೀಲಿಸಲಾಗಿದೆ’ ಎಂಬ ಸಾಲಿನ ಕೆಳಗೆ ಕೂತಲ್ಲಿಯೇ ಸಹಿ ಮಾಡಿದೆ. ಹಣ ಮುಟ್ಟಲಿಲ್ಲ, ಯಾರ ಒತ್ತಡವೂ ಇರಲಿಲ್ಲ. ಮುಂದಿನ ವರ್ಷ ದಾಸ್ತಾನಿನಲ್ಲಿ ಭಾರೀ ಕೊರತೆ ಪತ್ತೆಯಾಯಿತು. ಅಷ್ಟರಲ್ಲಿ ನನಗೆ ವರ್ಗವಾಗಿತ್ತು. ವಿಚಾರಣೆಯಲ್ಲಿ ಅಮಾನತಾದವರು ವರದಿ ಬರೆದ ಗುಮಾಸ್ತರು. ನನ್ನನ್ನು ಯಾರೂ ಪ್ರಶ್ನಿಸಲಿಲ್ಲ. ನಾನಾಗಿ ಹೋಗಿ ಹೇಳಲೂ ಇಲ್ಲ. ಕೆಲ ಕಾಲದ ನಂತರ ನನಗೆ ಬಡ್ತಿ ಬಂತು. ಹಲವು ವರ್ಷಗಳ ಮೇಲೆ ಒಂದು ಮದುವೆಯ ಮನೆಯಲ್ಲಿ ಅವರು ಎದುರಾದರು. “ಚೆನ್ನಾಗಿದ್ದೀರಾ ಸಾರ್, ಊಟ ಆಯ್ತಾ?” ಎಂದು ಕುರ್ಚಿ ಎಳೆದುಕೊಟ್ಟರು. ಆ ಸಹಿಯ ಬಗ್ಗೆ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಬೇಲೇಕೇರಿಯ ಸುದ್ದಿ ಓದುವಾಗಲೆಲ್ಲ ನನಗೆ ಆ ಗುಮಾಸ್ತರ ನೆನಪಾಗುತ್ತಿತ್ತು. 2010ರಲ್ಲಿ ಅರಣ್ಯ ಇಲಾಖೆ ಅಲ್ಲಿ ಜಪ್ತಿ ಮಾಡಿಟ್ಟಿದ್ದ ಅದಿರಿನಲ್ಲಿ ಲಕ್ಷಾಂತರ ಟನ್ ಕಾಣೆಯಾಯಿತು. ಅದಿರು ಚಿನ್ನದ ಸರವಲ್ಲ, ಜೇಬಿಗೆ ಹಾಕಿಕೊಂಡು ಹೋಗಲು. ಬೆಟ್ಟದಂತಹ ರಾಶಿಯನ್ನು ಯಂತ್ರಗಳಿಂದ ಬಗೆದು, ಹಡಗು ತುಂಬಿಸಿ ಕಳಿಸಬೇಕು. ಅಲ್ಲಿಯೂ ಪ್ರತಿ ಹಂತದಲ್ಲಿ ಕಾಗದ ಇದ್ದೇ ಇರುತ್ತದೆ. ಕಾಗದದ ಮೇಲೆ ಸಹಿಯೂ ಇರುತ್ತದೆ.

ಹಾಗೆಂದು ಎಲ್ಲರೂ ಮುಖ ತಿರುಗಿಸಿದರೆನ್ನುವುದು ಅನ್ಯಾಯವಾದೀತು. ಲೋಕಾಯುಕ್ತದ ತನಿಖಾ ತಂಡವನ್ನು ಮುನ್ನಡೆಸಿದ ಡಾ. ಯು.ವಿ. ಸಿಂಗ್ ಸರ್ಕಾರದ ಸಂಬಳ ಪಡೆಯುತ್ತಿದ್ದ ಅರಣ್ಯ ಸೇವೆಯ ಅಧಿಕಾರಿಯೇ. ಗಣಿ ಇಲಾಖೆ ಕೊಟ್ಟ ಪರವಾನಗಿ ಎಷ್ಟು, ಬಂದರುಗಳಿಂದ ಹಡಗೇರಿದ ಅದಿರು ಎಷ್ಟು ಎಂದು ಎರಡು ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ವ್ಯತ್ಯಾಸ ಬಯಲಾಯಿತು. ಆ ಎರಡೂ ದಾಖಲೆಗಳು ಅಷ್ಟು ವರ್ಷಗಳಿಂದ ಕಚೇರಿಗಳಲ್ಲಿಯೇ ಇದ್ದವು. ಕೂಡಿ ಕಳೆಯುವ ಲೆಕ್ಕಕ್ಕೆ ಎಂ.ಎ. ಪದವಿ ಬೇಕಿಲ್ಲ. ಧಾರವಾಡದ ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟದಿದ್ದರೆ 2011ರ ಜುಲೈ ತಿಂಗಳ ಗಣಿಗಾರಿಕೆ ನಿಷೇಧವಾಗಲಿ, 2013ರ ಏಪ್ರಿಲ್‌ನಲ್ಲಿ ತೀವ್ರ ಅಕ್ರಮ ಎಸಗಿದ ಗಣಿಗಳ ಗುತ್ತಿಗೆಗಳು ರದ್ದಾದದ್ದಾಗಲಿ ನಡೆಯುತ್ತಿರಲಿಲ್ಲ.

ನಿಷೇಧದ ಏಟು ಬಿದ್ದದ್ದು ಮಾತ್ರ ತಪ್ಪು ಮಾಡಿದವರ ಮೇಲಷ್ಟೇ ಅಲ್ಲ. ಸಾಲ ಮಾಡಿ ಲಾರಿ ಕೊಂಡಿದ್ದವರು, ಚಾಲಕರು, ಟೀ ಅಂಗಡಿಯವರು ದಿಕ್ಕೆಟ್ಟರು. ಅನೀತಿಯ ಲಾಭ ಕೆಲವರಿಗೆ, ಅದನ್ನು ಸರಿಪಡಿಸುವ ಖರ್ಚು ಹಲವರಿಗೆ. ಈ ಹಂಚಿಕೆಯ ಬಗ್ಗೆ ನಮ್ಮ ನೀತಿ ನಿರೂಪಕರು ಈಗಲೂ ಸಾಕಷ್ಟು ಯೋಚಿಸಿದಂತಿಲ್ಲ.

ಬೆಂಗಳೂರಿನಲ್ಲಿ ಕುಳಿತು ಇದನ್ನೆಲ್ಲ ಓದುವ ನಾವು ಸುಶಿಕ್ಷಿತರು ಸಾಕಷ್ಟು ಸಿಟ್ಟಾಗಿದ್ದೆವು. ಅದೇ ನಾವು ನಿವೇಶನ ಕೊಳ್ಳುವಾಗ ಮಾರ್ಗಸೂಚಿ ದರಕ್ಕೆ ನೋಂದಣಿ, ಉಳಿದದ್ದು ನಗದು ಎಂಬ ಮಾತಿಗೆ ತಲೆದೂಗಿದ್ದೇವೆ. ವರನ ಸಂಬಳದ ಜೊತೆಗೆ ಗಿಂಬಳವನ್ನೂ ಮೆಲುದನಿಯಲ್ಲಿ ವಿಚಾರಿಸಿದ್ದೇವೆ. ನಿವೇಶನಕ್ಕೆ ಕೊಟ್ಟ ನಗದಿಗೂ ಬಳ್ಳಾರಿಯ ಲಾರಿಗೂ ಪ್ರಮಾಣದಲ್ಲಿ ಹೋಲಿಕೆಯಿಲ್ಲ, ನಿಜ. ಆದರೆ ಕೇಳಬೇಕಾದ ಪ್ರಶ್ನೆಯನ್ನು ಕೇಳದೆ ಬಿಡುವ ಅಭ್ಯಾಸ ಒಂದೇ. ಅದನ್ನು ಮನೆಯಲ್ಲಿ ರೂಢಿಸಿಕೊಂಡವನು ಕಚೇರಿಯ ಮೇಜಿನ ಮುಂದೆ ಬೇರೆಯವನಾಗುತ್ತಾನೆಂದು ನಿರೀಕ್ಷಿಸುವುದು ಕಷ್ಟ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಬಗ್ಗೆಯೂ ಒಂದು ಮಾತು. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಇದಕ್ಕೆ ವ್ಯಯಿಸಬೇಕೆಂದು ವಿಧಿಸಿತು. ಇದರಿಂದ ಶಾಲೆಗಳಿಗೆ ಕೊಠಡಿ, ಶೌಚಾಲಯ ಬಂದಿವೆ, ಸಂತೋಷ. ಆದರೆ ಲಾಭದಲ್ಲಿ ಎರಡು ಭಾಗವನ್ನು ಹೇಗೆ ಖರ್ಚು ಮಾಡಲಾಯಿತೆಂಬುದು ದಾನದ ಪ್ರಶ್ನೆ. ಉಳಿದ ತೊಂಬತ್ತೆಂಟು ಭಾಗವನ್ನು ಹೇಗೆ ಗಳಿಸಲಾಯಿತೆಂಬುದು ನೀತಿಯ ಪ್ರಶ್ನೆ. ವಾರ್ಷಿಕ ವರದಿಗಳಲ್ಲಿ ಮೊದಲನೆಯದಕ್ಕೆ ಬಣ್ಣದ ಪುಟಗಳಿರುತ್ತವೆ.

ಬಳ್ಳಾರಿಯ ಪಾಠವನ್ನು ಸರ್ಕಾರಗಳು ಎಷ್ಟು ಕಲಿತವು ಎಂಬ ಬಗ್ಗೆ ನನಗೆ ಮಿಶ್ರ ಅಭಿಪ್ರಾಯವಿದೆ. 2015ರ ತಿದ್ದುಪಡಿಯಿಂದ ಗಣಿಗಳ ಹಂಚಿಕೆ ಹರಾಜಿನ ಮೂಲಕ ನಡೆಯುವಂತಾಯಿತು. ಗಣಿ ಪ್ರದೇಶಗಳ ಜನರಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿದವು. ಇದು ನಿಜವಾದ ಪ್ರಗತಿ. ಮರುವರ್ಷ, 2016ರಲ್ಲಿ, ಅದೇ ಕರ್ನಾಟಕದಲ್ಲಿ ಭ್ರಷ್ಟಾಚಾರ ನಿಗ್ರಹ ದಳವನ್ನು ರಚಿಸಿ, ಆ ವರದಿಯನ್ನು ಕೊಟ್ಟ ಲೋಕಾಯುಕ್ತದ ಪೊಲೀಸ್ ಅಧಿಕಾರವನ್ನೇ ಕಿತ್ತುಕೊಳ್ಳಲಾಯಿತು. ಅದು ಮರಳಿ ದೊರೆತದ್ದು 2022ರ ಆಗಸ್ಟಿನಲ್ಲಿ, ಹೈಕೋರ್ಟ್ ಆ ದಳವನ್ನು ರದ್ದುಪಡಿಸಿದ ಮೇಲೆ. ಆರು ವರ್ಷಗಳ ಕಾಲ ಈ ವಿಷಯಕ್ಕಾಗಿ ಬೀದಿಗಿಳಿದವರು ಎಷ್ಟು ಜನ?

ಪ್ರಶ್ನೆ ಹಳೆಯದಾಗಿಲ್ಲ. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಅದಿರಿನ ಉತ್ಪಾದನೆಗೆ ಸುಪ್ರೀಂ ಕೋರ್ಟ್ 2013ರಲ್ಲಿ ವಿಧಿಸಿದ್ದ ವಾರ್ಷಿಕ ಮಿತಿ 3 ಕೋಟಿ ಟನ್. 2022ರಲ್ಲಿ ಅದೇ ನ್ಯಾಯಾಲಯ ಆ ಮಿತಿಯನ್ನು 5 ಕೋಟಿ ಟನ್ನಿಗೆ ಏರಿಸಿತು. ರಫ್ತಿನ ಮೇಲಿನ ನಿರ್ಬಂಧವನ್ನೂ ಸಡಿಲಿಸಿತು. ಪರಿಸರ ಪುನಶ್ಚೇತನಕ್ಕೆಂದು ಕೂಡಿಟ್ಟ ಸಾವಿರಾರು ಕೋಟಿ ರೂಪಾಯಿ ವರ್ಷಗಟ್ಟಲೆ ಬಳಕೆಯಾಗದೆ ಉಳಿದದ್ದರಿಂದ ಅದರ ವೆಚ್ಚಕ್ಕೆ ನಿವೃತ್ತ ನ್ಯಾಯಮೂರ್ತಿಯೊಬ್ಬರ ಮೇಲ್ವಿಚಾರಣೆಯನ್ನೂ ಅದೇ ವರ್ಷ ಗೊತ್ತುಪಡಿಸಿತು.

ಹೆಚ್ಚು ಅದಿರು ಎಂದರೆ ಹೆಚ್ಚು ಲಾರಿ, ಹೆಚ್ಚು ಸಹಿ. ಇನ್ನೊಂದು ಆಯೋಗಕ್ಕಾಗಿ ಕಾಯುವ ಬದಲು ಸರ್ಕಾರ ಒಂದು ಸಣ್ಣ ಕೆಲಸ ಮಾಡಬಹುದು. ಪರವಾನಗಿಯಲ್ಲಿ ನಮೂದಾದ ಅದಿರು ಎಷ್ಟು, ರೈಲು ಮತ್ತು ರಸ್ತೆಯಲ್ಲಿ ಸಾಗಿದ್ದೆಷ್ಟು, ಕಾರ್ಖಾನೆ ಹಾಗೂ ಬಂದರುಗಳಿಗೆ ತಲುಪಿದ್ದೆಷ್ಟು ಎಂಬ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಪ್ರತಿ ತಿಂಗಳು ಪ್ರಕಟಿಸಲಿ. ಅದರ ಕೆಳಗೆ, ಅಂಕಿಗಳು ತಾಳೆಯಾಗಿವೆಯೆಂದು ದೃಢೀಕರಿಸಿ, ಗುಮಾಸ್ತರಲ್ಲ, ಇಲಾಖೆಯ ಮುಖ್ಯಸ್ಥರು ತಮ್ಮ ಹೆಸರು ಬರೆದು ಸಹಿ ಮಾಡಲಿ.