ಪಾಸ್‌ವರ್ಡ್ ಸಾಲದು ಎಂದಾಗ ಟಿಕ್ ತೆಗೆಯುವವರು

ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಲಾಗಿನ್‌ಗಳನ್ನು ತೆರೆದು ಅಭ್ಯಾಸವಿರುವವರಿಗೆ 15118 ಎಂಬ ಸಂಖ್ಯೆ ಹಳೆಯ ಪರಿಚಯ. ಕೊಟ್ಟ ಪಾಸ್‌ವರ್ಡ್ ಆಪರೇಟಿಂಗ್ ಸಿಸ್ಟಮ್‌ನ ನೀತಿಗೆ ತಕ್ಕಷ್ಟು ಕ್ಲಿಷ್ಟವಾಗಿಲ್ಲ ಎಂಬುದು ಅದರ ಅರ್ಥ. ತೀರಾ ಗಿಡ್ಡವಾದರೆ 15116. ಲಾಗಿನ್ ತೆರೆಯುವ ಕಿಟಕಿಯಲ್ಲಿ ಪಾಸ್‌ವರ್ಡ್ ನೀತಿ ಜಾರಿಯಾಗಲಿ ಎನ್ನುವ ಒಂದು ಟಿಕ್ ಇರುತ್ತದೆ. ಅದನ್ನು ತೆಗೆದರೆ ದೋಷವೂ ಮಾಯ. ಶುಕ್ರವಾರ ಸಂಜೆ ಆರು ಗಂಟೆಗೆ, ಗ್ರಾಹಕರ ಕರೆ ಕಾಯುತ್ತಿರುವಾಗ, ಪಕ್ಕದ ಕುರ್ಚಿಯವರು ಕೊಡುವ ಸಲಹೆಯೂ ಇದೇ. ನೆಗಡಿಗೆ ಮೂಗು ಕೊಯ್ದ ಚಿಕಿತ್ಸೆ ಇದು. ಆದರೆ ಕೊಯ್ದವರನ್ನಷ್ಟೇ ಬೈದರೆ ನ್ಯಾಯವಾಗುವುದಿಲ್ಲ.

ತಿರುವನಂತಪುರದ ಟೆಕ್ನೋಪಾರ್ಕ್ 1990ರದು, ಕೊಚ್ಚಿಯ ಕಾಕನಾಡಿನ ಇನ್ಫೋಪಾರ್ಕ್ 2004ರದು. ನಡುವೆ ಸುಮಾರು 200 ಕಿಲೋಮೀಟರ್. ಕಾಸರಗೋಡು, ಮಂಜೇಶ್ವರದ ಕಡೆಯಿಂದ ಹೋದ ಕನ್ನಡದ ಮಕ್ಕಳೂ ಇಂಥ ಕಡೆ ದುಡಿಯುತ್ತಾರೆ. ಕಾಕನಾಡಿನಲ್ಲಿ ಕೂತವರು ತಮ್ಮ ಲ್ಯಾಪ್‌ಟಾಪ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದು, ಲಾಗಿನ್ ತೆರೆದು, ಎಲ್ಲ ಸರಿಯಿದೆ ಎಂದು ತಿರುವನಂತಪುರದ ಸರ್ವರ್‌ಗೆ ಕಳಿಸುತ್ತಾರೆ ಎಂದಿಟ್ಟುಕೊಳ್ಳಿ. ಅಲ್ಲಿ ಅದೇ ಸ್ಕ್ರಿಪ್ಟ್ 15118 ಎಂದು ನಿಂತುಬಿಡುತ್ತದೆ. ಒಂದಕ್ಷರವೂ ಬದಲಾಗಿಲ್ಲ, ಡೇಟಾಬೇಸ್‌ನ ಆವೃತ್ತಿಯೂ ಅದೇ. ಹಾಗಾದರೆ ತಪ್ಪಿದ್ದೆಲ್ಲಿ?

ಉತ್ತರ ಡೇಟಾಬೇಸ್‌ನಲ್ಲಿಲ್ಲ. ಪಾಸ್‌ವರ್ಡ್ ಸಾಕೋ ಸಾಲದೋ ಎಂದು ಎಸ್‌ಕ್ಯೂಎಲ್ ಸರ್ವರ್ ತಾನೇ ತೀರ್ಮಾನಿಸುವುದಿಲ್ಲ, ತಾನು ಕೂತಿರುವ ವಿಂಡೋಸ್ ಅನ್ನು ಕೇಳುತ್ತದೆ. ಆ ಯಂತ್ರ ಕಂಪನಿಯ ಡೊಮೇನ್‌ಗೆ ಸೇರಿದ್ದರೆ ಡೊಮೇನ್‌ನ ನೀತಿಯೇ ಅಂತಿಮ. ಲ್ಯಾಪ್‌ಟಾಪ್‌ಗೆ ಎಂಟು ಅಕ್ಷರ ಸಾಕಿದ್ದರೆ ಸರ್ವರ್ ಹದಿನಾಲ್ಕು ಕೇಳಬಹುದು. ದೋಷದ ಸಂದೇಶದಲ್ಲಿ 'ಆಪರೇಟಿಂಗ್ ಸಿಸ್ಟಮ್' ಎಂಬ ಮಾತು ಇದ್ದೇ ಇದೆ. ಓದುವವರಿಗೆ ಅದು ಅಲಂಕಾರದಂತೆ ಕಾಣುತ್ತದೆಯಷ್ಟೆ. ಎಷ್ಟು ಅಕ್ಷರ ಬೇಕು, ಯಾವ ಬಗೆಯದು ಕಡಿಮೆಯಾಯಿತು ಎಂಬುದನ್ನಂತೂ ಆ ಸಂದೇಶ ಹೇಳುವುದೇ ಇಲ್ಲ. ಪಾಸ್‌ವರ್ಡ್‌ನೊಳಗೆ ಲಾಗಿನ್‌ನ ಹೆಸರು ಇರಬಾರದೆಂಬುದು ನಿಯಮದ ಇನ್ನೊಂದು ತುಂಡು. ಹೆಸರಿಗೆ ಒಂದು @ ಮತ್ತು ಇಸವಿ ಅಂಟಿಸಿ ಇಷ್ಟೆಲ್ಲ ಹಾಕಿದೆನಲ್ಲ ಎಂದು ತಲೆ ಕೆರೆದುಕೊಳ್ಳುವವರು ಎಡವುವುದು ಇಲ್ಲಿಯೇ. ನಿಯಮ ಹೇರುವವರು ನಿಯಮವನ್ನು ಬಾಯಿಬಿಟ್ಟು ಹೇಳಲಿ ಎಂದು ಕೇಳುವುದು ದೊಡ್ಡ ಬೇಡಿಕೆಯೇನಲ್ಲ.

ಈ ಕಾವಲು ಸುಮ್ಮನೆ ಬಂದದ್ದಲ್ಲ. 2002ರ ಮೇ ತಿಂಗಳಲ್ಲಿ ಸ್ಪೈಡಾ ಎಂಬ ವರ್ಮ್ ಹರಡಿತು. ಅದು ನುಗ್ಗಿದ್ದು 'ಎಸ್‌ಎ' ಎಂಬ ಆಡಳಿತ ಖಾತೆಗೆ ಪಾಸ್‌ವರ್ಡನ್ನೇ ಇಡದ ಎಸ್‌ಕ್ಯೂಎಲ್ ಸರ್ವರ್‌ಗಳಿಗೆ. ವಿಂಡೋಸ್‌ನ ನೀತಿಯನ್ನು ಲಾಗಿನ್‌ಗಳಿಗೂ ಅನ್ವಯಿಸುವ ಸೌಲಭ್ಯ 2005ರ ಆವೃತ್ತಿಯಲ್ಲಿ ಬಂತು. ಇಂದು ಟಿಕ್ ತೆಗೆಯುವವರು ತೆಗೆಯುತ್ತಿರುವುದು ಅದನ್ನೇ. ಅವರಿಗೆ ಗೊತ್ತಿಲ್ಲದ ವಿಷಯವೆಂದರೆ, ಆ ಒಂದು ಟಿಕ್‌ನ ಜೊತೆ ಇನ್ನೂ ಮೂರು ಹೋಗುತ್ತವೆ. ಅವಧಿ ಮುಗಿಯುವ ನಿಯಮ ನಿಲ್ಲುತ್ತದೆ. ಹಳೆಯ ಪಾಸ್‌ವರ್ಡ್‌ಗಳ ನೆನಪು ಅಳಿಯುತ್ತದೆ. ಹತ್ತಾರು ಸಲ ತಪ್ಪು ಪಾಸ್‌ವರ್ಡ್ ಹಾಕಿದವರನ್ನು ಹೊರಗಿಡುವ ಬೀಗವೂ ಆ ಲಾಗಿನ್‌ಗೆ ಇಲ್ಲವಾಗುತ್ತದೆ. ಕೊನೆಯದು ಎಲ್ಲಕ್ಕಿಂತ ಅಪಾಯದ್ದು. ಸೋಮವಾರ ನೆನಪಾಗಿ ಟಿಕ್ ಮತ್ತೆ ಹಾಕಿದರೂ ಒಳಗಿರುವ ದುರ್ಬಲ ಪಾಸ್‌ವರ್ಡ್ ಹಾಗೇ ಉಳಿಯುತ್ತದೆ, ಏಕೆಂದರೆ ನೀತಿಯ ಪರೀಕ್ಷೆ ನಡೆಯುವುದು ಪಾಸ್‌ವರ್ಡ್ ಇಡುವ ಗಳಿಗೆಯಲ್ಲಿ ಮಾತ್ರ. ಮೈಎಸ್‌ಕ್ಯೂಎಲ್‌ನಲ್ಲಿ ಇದೇ ಕಥೆ 1819 ಎಂಬ ಸಂಖ್ಯೆಯಲ್ಲಿ ನಡೆಯುತ್ತದೆ. ಅಲ್ಲಿ ಜನ ನೀತಿಯನ್ನು 'ಲೋ'ಗೆ ಇಳಿಸುವ ಒಂದು ಸಾಲು ಬರೆಯುತ್ತಾರೆ. ಅದು ಆ ಒಂದು ಖಾತೆಗಲ್ಲ, ಇಡೀ ಸರ್ವರ್‌ಗೆ ತಗಲುತ್ತದೆ.

ಇಷ್ಟು ಹೇಳಿದ ಮೇಲೆ ನೀತಿಯನ್ನೂ ಕಟಕಟೆಗೆ ತರಬೇಕು. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ, ಇವುಗಳಲ್ಲಿ ಮೂರಾದರೂ ಬಗೆ ಇರಲಿ ಎನ್ನುತ್ತದೆ ವಿಂಡೋಸ್. ದೊಡ್ಡಕ್ಷರದಿಂದ ಶುರುವಾಗುವ ಕೊಚ್ಚಿ, ಆಮೇಲೆ @, ಆಮೇಲೆ 123: ಇಂಗ್ಲಿಷ್ ಲಿಪಿಯಲ್ಲಿ ಒಂಬತ್ತು ಅಕ್ಷರದ ಈ ಪಾಸ್‌ವರ್ಡ್ ಎಂಟರ ನಿಯಮವನ್ನು ನಗುನಗುತ್ತಾ ದಾಟುತ್ತದೆ. ಊಹಿಸುವವರು ಮೊದಲು ಪ್ರಯತ್ನಿಸುವುದೂ ಇಂಥದ್ದನ್ನೇ. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದಗಳನ್ನು ಸಣ್ಣಕ್ಷರದಲ್ಲಿ ಒಟ್ಟಿಗೆ ಬರೆದ ಮೂವತ್ತು ಅಕ್ಷರದ ಪಾಸ್‌ವರ್ಡ್ ಇಲ್ಲಿ ನಪಾಸು, ಬಗೆ ಒಂದೇ ಆಯಿತಲ್ಲ! (ವಿಂಡೋಸ್‌ನ ನಿಯಮದಲ್ಲಿ ಐದನೆಯ ಬಗೆಯೊಂದಿದೆ: ದೊಡ್ಡದು, ಸಣ್ಣದು ಎಂಬ ಭೇದವಿಲ್ಲದ ಲಿಪಿಗಳ ಅಕ್ಷರ. ಕನ್ನಡ, ಮಲಯಾಳ ಎರಡಕ್ಕೂ ಅಲ್ಲಿ ಜಾಗವಿದೆ. ರಾತ್ರಿ ಎರಡಕ್ಕೆ ಸರ್ವರ್‌ನ ಮುಂದೆ ಕನ್ನಡ ಕೀಲಿಮಣೆ ಹುಡುಕುವ ಧೈರ್ಯವಿದ್ದವರು ಬಳಸಲಿ.)

ಅಮೆರಿಕದ ನಿಸ್ಟ್ ಸಂಸ್ಥೆಗಾಗಿ 2003ರಲ್ಲಿ ಇಂಥ ಸಲಹೆಗಳನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್‌ನೊಡನೆ ಮಾತಾಡುತ್ತಾ ಪಶ್ಚಾತ್ತಾಪ ವ್ಯಕ್ತಪಡಿಸಿದರು. ಅದೇ ವರ್ಷ ನಿಸ್ಟ್, ಬಗೆಗಳ ಲೆಕ್ಕ ಬೇಡ, ಸುಮ್ಮಸುಮ್ಮನೆ ಬದಲಾಯಿಸಲು ಹೇಳುವುದೂ ಬೇಡ, ಉದ್ದ ನೋಡಿ, ಸೋರಿಹೋದ ಪಾಸ್‌ವರ್ಡ್‌ಗಳ ಪಟ್ಟಿಯೊಡನೆ ಹೋಲಿಸಿ ಎಂದಿತು. ಮೈಕ್ರೋಸಾಫ್ಟ್ ಕೂಡ 2019ರಲ್ಲಿ ಅವಧಿ ಮುಗಿಯುವ ನಿಯಮವನ್ನು ವಿಂಡೋಸ್ ಕುರಿತ ತನ್ನ ಭದ್ರತಾ ಶಿಫಾರಸಿನಿಂದ ಕೈಬಿಟ್ಟಿತು. ಆದರೂ ಎಷ್ಟೋ ಕಂಪನಿಗಳ ಆಡಿಟ್ ಪಟ್ಟಿಯಲ್ಲಿ 90 ದಿನದ ಸಾಲು ಇನ್ನೂ ಕೂತಿದೆ.

ಈ ಸಾಲಿನಿಂದ ನಿಜವಾಗಿ ಏಟು ತಿನ್ನುವುದು ಮನುಷ್ಯರಲ್ಲ, ಅಪ್ಲಿಕೇಶನ್‌ಗಳು. ಲಾಗಿನ್ ಕಿಟಕಿಯಲ್ಲಿ ಮೂರು ಟಿಕ್‌ಗಳೂ ಮೊದಲೇ ಬಿದ್ದಿರುತ್ತವೆ: ನೀತಿ, ಅವಧಿ, ಮುಂದಿನ ಪ್ರವೇಶದಲ್ಲಿ ಬದಲಾಯಿಸು. ಅಪ್ಲಿಕೇಶನ್ ಎಂಬುದು ಪಾಸ್‌ವರ್ಡ್ ಬದಲಾಯಿಸಿ ಎಂದರೆ ಬದಲಾಯಿಸುವ ಪ್ರಾಣಿಯಲ್ಲ. 18488 ಎಂದು ಮೊದಲ ದಿನವೇ ನಿಲ್ಲುತ್ತದೆ. ಅದನ್ನು ದಾಟಿದರೂ, ವಿಂಡೋಸ್‌ನ ಮೂಲ ಅವಧಿಯಾದ 42 ದಿನ ಕಳೆದ ಮೇಲೆ 18487 ಎಂದು ಮಲಗುತ್ತದೆ. ಒಮ್ಮೆ ಈ ಪೆಟ್ಟು ತಿಂದ ತಂಡ ಮುಂದೆ ಮೂರನ್ನೂ ಒಟ್ಟಿಗೆ ಕಿತ್ತುಹಾಕುತ್ತದೆ. ಕೀಳಬೇಕಾಗಿದ್ದದ್ದು ಎರಡನ್ನು ಮಾತ್ರ. ಅಪ್ಲಿಕೇಶನ್‌ನ ಲಾಗಿನ್‌ಗೆ ನೀತಿ ಇರಲಿ, ಅವಧಿ ಬೇಡ, ಬದಲಾಯಿಸೆಂಬ ಆಜ್ಞೆಯೂ ಬೇಡ, ಪಾಸ್‌ವರ್ಡನ್ನು ಯಂತ್ರವೇ ಹುಟ್ಟಿಸಲಿ, ಮೂವತ್ತು ಅಕ್ಷರವಿರಲಿ. ಯಾರೂ ನೆನಪಿಡಬೇಕಾಗಿಲ್ಲ ತಾನೆ? ಅದರಲ್ಲಿ ಅರ್ಧವಿರಾಮ ಚಿಹ್ನೆ ಬಾರದಂತೆ ನೋಡಿಕೊಂಡರೆ ಒಳ್ಳೆಯದು, ಸಂಪರ್ಕದ ಸಾಲು ಅಲ್ಲಿಗೇ ತುಂಡಾಗಿ ಇನ್ನೊಂದು ಗಂಟೆ ಹಾಳಾಗುತ್ತದೆ. ಮನುಷ್ಯರಿಗಾದರೋ ಪ್ರತ್ಯೇಕ ಲಾಗಿನ್ನೇ ಬೇಡ, ಅವರ ವಿಂಡೋಸ್ ಖಾತೆಯಿಂದಲೇ ಒಳಗೆ ಬರಲಿ.

ಇದು ಡೇಟಾಬೇಸ್ ನೋಡಿಕೊಳ್ಳುವವರ ಒಳಮನೆಯ ಜಗಳವಾಗಿ ಉಳಿದಿಲ್ಲ. ಆ ಸರ್ವರ್‌ಗಳಲ್ಲಿ ಆಸ್ಪತ್ರೆಗೆ ಹೋದವರ ವಿವರ, ಸಂಬಳದ ಪಟ್ಟಿ, ಸಾಲದ ಅರ್ಜಿ ಇರುತ್ತವೆ. ಸುರಕ್ಷತೆಯ ತಕ್ಕ ಕ್ರಮ ಕೈಗೊಳ್ಳದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ದಂಡ ಸಂಸ್ಥೆಗೆ. ಆದರೆ ವಿಚಾರಣೆಯ ಕೋಣೆಯಲ್ಲಿ ಮೊದಲು ಹೇಳಿಬರುವ ಹೆಸರು, ಟಿಕ್ ತೆಗೆದ ಎರಡು ವರ್ಷ ಅನುಭವದ ಹುಡುಗ ಅಥವಾ ಹುಡುಗಿಯದ್ದಾಗಿರುತ್ತದೆ. ಸಮಯ ಕೊಡದೆ ಒತ್ತಿದ ಮ್ಯಾನೇಜರ್, ಹಳೆಯ ನೀತಿಯನ್ನು ತಿದ್ದದೆ ಕೂತ ಭದ್ರತಾ ವಿಭಾಗ, ಎರಡೂ ಆ ಪಟ್ಟಿಯಲ್ಲಿ ಕಾಣಿಸುವುದಿಲ್ಲ.

ಯಾವ ಲಾಗಿನ್‌ಗೆ ಟಿಕ್ ಇಲ್ಲ ಎಂದು ತಿಳಿಯುವುದು ಕಷ್ಟವೇನಲ್ಲ. ಎಸ್‌ಕ್ಯೂಎಲ್ ಲಾಗಿನ್‌ಗಳ ವಿವರ ಕೊಡುವ ಸಿಸ್ಟಮ್ ಪಟ್ಟಿಯಲ್ಲಿ ಅದಕ್ಕೆಂದೇ ಒಂದು ಕಾಲಂ ಇದೆ, ಒಂದು ಸಾಲಿನ ಕ್ವೆರಿ ಸಾಕು. ಆ ಪಟ್ಟಿ ತೆಗೆದು, ಪ್ರತಿ ಹೆಸರಿನ ಮುಂದೆ ಇದನ್ನು ಈಗ ಯಾರು ಬಳಸುತ್ತಿದ್ದಾರೆ ಎಂದು ಬರೆಯುತ್ತಾ ಹೋಗಬೇಕು. ಮುಗಿದ ಪ್ರಾಜೆಕ್ಟ್‌ನದ್ದು, ಕೆಲಸ ಬಿಟ್ಟವರದ್ದು, 'ಟೆಸ್ಟ್' ಎಂದು ಶುರುವಾಗಿ ಇನ್ನೂ ಪೂರ್ಣ ಅಧಿಕಾರ ಇಟ್ಟುಕೊಂಡಿರುವುದು ಸಿಕ್ಕರೆ ಅವನ್ನು ಮೊದಲು ನಿಷ್ಕ್ರಿಯಗೊಳಿಸಿ, ಒಂದು ತಿಂಗಳು ಯಾರೂ ಕೂಗದಿದ್ದರೆ ಅಳಿಸಬೇಕು. ಉಳಿದವಕ್ಕೆ ಟಿಕ್ ಹಾಕಿ ಹೊಸ ಪಾಸ್‌ವರ್ಡ್ ಇಡುವುದು ಒಂದೆರಡು ದಿನದ ಕೆಲಸ.