ನಡೆದು ನೋಡುವ ತೋಟ

ತೋಟವು ನೋಡುವುದಕ್ಕಿರುವುದೋ, ನಡೆಯುವುದಕ್ಕಿರುವುದೋ ಎಂಬ ಪ್ರಶ್ನೆಯು ನಮಗೆ ಹಿಂದೆಂದೂ ಹುಟ್ಟಿರಲಿಲ್ಲ. ಈ ಶಾಲೆಯ ಹಳೆಯ ವಿದ್ಯಾರ್ಥಿಗಳಾದ ನಾವು ದಂಪತಿಗಳು ಕುಷಾಯಿಗೂಡದಲ್ಲಿ ಮನೆ ಮಾಡಿ ಬಹುಕಾಲವಾಯಿತು. ಮಗನು ಉದ್ಯೋಗನಿಮಿತ್ತ ಜಪಾನಿನಲ್ಲಿರುವುದರಿಂದ ಒಂದು ಕಾರ್ತಿಕಮಾಸದಲ್ಲಿ ಅಲ್ಲಿಗೆ ಹೋಗುವ ಅವಕಾಶವು ಒದಗಿತು. ಕಾನಜಾವಾ ನಗರದ ಕೆನ್ರೊಕುಎನ್ ಎಂಬ ಉದ್ಯಾನವನ್ನು ಕಂಡು ಬಂದ ಮೇಲೆ ನಮಗೆ ತೋರಿದ ಎರಡು ಮಾತುಗಳನ್ನು ವಾಚಕರ ಮುಂದಿಡುತ್ತೇವೆ.

ಮಾಯೆದಾ ವಂಶದ ಐದನೆಯ ಪ್ರಭುವಾದ ತ್ಸುನನೋರಿಯು ತನ್ನ ಕೋಟೆಯ ಹೊರಮಗ್ಗುಲಲ್ಲಿ ಈ ತೋಟವನ್ನು ಆರಂಭಿಸಿದ್ದು 1676ರಲ್ಲಿ. ಆಗ ನಮ್ಮ ಗೋಲ್ಕೊಂಡದಲ್ಲಿ ತಾನಾಶಾಹನು ಆಳುತ್ತಿದ್ದನು. ಅಲ್ಲಿಂದ ಮುಂದೆ ಆ ಮನೆತನದವರು ಹಲವು ತಲೆಮಾರು ಅದನ್ನು ಬೆಳೆಸುತ್ತ ಬಂದರು. ಇಂದು ಅದರ ವಿಸ್ತಾರ ಸುಮಾರು 28 ಎಕರೆ. ಆರು ಗುಣಗಳು ಕೂಡಿದ ತೋಟವೆಂಬುದೇ ಅದರ ಹೆಸರಿನ ಅರ್ಥ: ವೈಶಾಲ್ಯ, ಏಕಾಂತ, ಮನುಷ್ಯಕೌಶಲ, ಪ್ರಾಚೀನತೆ, ಜಲಸಮೃದ್ಧಿ, ದೂರದ ನೋಟ. ಇವು ಎರಡೆರಡಾಗಿ ಒಂದಕ್ಕೊಂದು ವಿರೋಧವಾದವು. ಬಯಲಾದಲ್ಲಿ ಏಕಾಂತವಿಲ್ಲ, ಕೈಕೆಲಸ ಮೆರೆದಲ್ಲಿ ಹಳಮೆ ಉಳಿಯದು, ನೀರು ನಿಲ್ಲುವುದು ತಗ್ಗಿನಲ್ಲಿ, ನೋಟ ದೊರೆಯುವುದು ದಿಬ್ಬದ ಮೇಲೆ. ಇವೆಲ್ಲ ಒಂದೆಡೆ ಕೂಡುವುದು ಹೇಗೆ?

ನಡೆಯುವುದರಿಂದ ಕೂಡುತ್ತವೆ. ಎಲ್ಲಿ ನಿಂತರೂ ಇಡೀ ತೋಟವು ಕಣ್ಣಿಗೆ ಬೀಳುವುದಿಲ್ಲ. ದಾರಿ ತಿರುಗಿದಾಗ ಕೊಳವು ಮರೆಯಾಗುತ್ತದೆ. ದಿಬ್ಬವೇರಿದರೆ ಅದೇ ಕೊಳವು ಬೇರೊಂದು ರೂಪದಿಂದ ಎದುರಾಗುತ್ತದೆ. ಮೆಟ್ಟುಗಲ್ಲುಗಳನ್ನು ದಾಟುವಾಗ ತಲೆ ತಗ್ಗಿಸಲೇಬೇಕು; ತಲೆಯೆತ್ತಿದಾಗ ಹೊಸ ನೋಟವು ಕಾದಿರುತ್ತದೆ. 1632ರಲ್ಲಿ ತೋಡಿದ ಕಾಲುವೆಯ ನೀರು ಇಂದಿಗೂ ಅಲ್ಲಿ ಹರಿಯುತ್ತಿದೆ. ಮೇಲಿನ ಕೊಳದ ಎತ್ತರದ ಬಲದಿಂದಲೇ, ಯಂತ್ರವಿಲ್ಲದೆ, ಕಾರಂಜಿಯೊಂದು ಚಿಮ್ಮುತ್ತದೆ.

ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ತಡೆದು ನಿಲ್ಲಿಸಿದ್ದು ಒಂದು ಹಳೆಯ ದೇವದಾರು ಜಾತಿಯ ಮರ. ಚಳಿಗಾಲದ ಒದ್ದೆ ಹಿಮದ ಭಾರಕ್ಕೆ ಕೊಂಬೆಗಳು ಮುರಿಯದಂತೆ, ನಡುವೆ ಎತ್ತರದ ಕಂಬಗಳನ್ನು ನಿಲ್ಲಿಸಿ, ಅವುಗಳ ತುದಿಯಿಂದ ಒಂದೊಂದು ಕೊಂಬೆಗೂ ಹಗ್ಗ ಕಟ್ಟುತ್ತಾರೆ. ಆ ಒಂದೇ ಮರಕ್ಕೆ ಸುಮಾರು 800 ಹಗ್ಗಗಳು! ಪ್ರತಿ ವರ್ಷ ನವೆಂಬರ್ 1ರಂದು ಈ ಕಾರ್ಯಾರಂಭ. ವಸಂತ ಬಂದೊಡನೆ ಎಲ್ಲವನ್ನೂ ಬಿಚ್ಚುತ್ತಾರೆ.

ಅಲ್ಲಿಯೇ ನಿಂತಿದ್ದ ಒಬ್ಬ ವೃದ್ಧರು ಮಗನ ಮೂಲಕ ನಮ್ಮನ್ನು ಕೇಳಿದರು: “ನಿಮ್ಮೂರಿನ ಹಳೆಯ ತೋಟ ಯಾವುದು?” ನಾವು ಬೆಂಗಳೂರಿನ ಲಾಲ್‌ಬಾಗನ್ನು ಹೆಸರಿಸಿದೆವು, ಮೈಸೂರಿನ ಬೃಂದಾವನವನ್ನೂ ಹೇಳಿದೆವು. “ಅವು ನಿಮ್ಮ ಮನೆಯ ಹತ್ತಿರವೇ?” ಎಂದು ಅವರು ಮತ್ತೆ ಕೇಳಲು, ನಮಗೆ ಉತ್ತರ ತೋಚಲಿಲ್ಲ.

ಉತ್ತರವು ನಮ್ಮ ಮನೆಯಿಂದ ಕೆಲವೇ ಕಿಲೋಮೀಟರು ದೂರದಲ್ಲಿತ್ತು. ಮೌಲಾಲಿ ಗುಡ್ಡದ ಬುಡದಲ್ಲಿ ಮಾಹ್ ಲಖಾ ಬಾಯಿ ಚಂದಾ ಎಂಬ ಉರ್ದು ಕವಯಿತ್ರಿಯು ತನ್ನ ತಾಯಿಗಾಗಿ 1792ರಲ್ಲಿ ಕಟ್ಟಿಸಿದ ಸಮಾಧಿ ಹಾಗೂ ತೋಟವಿದೆ. 1824ರಲ್ಲಿ ತೀರಿಕೊಂಡ ಆಕೆಯೂ ಅಲ್ಲಿಯೇ ಮಲಗಿದ್ದಾಳೆ. 2010ರ ಸುಮಾರಿಗೆ ಅಮೆರಿಕ ಸರ್ಕಾರದ ನೆರವಿನಿಂದ ಅದರ ಜೀರ್ಣೋದ್ಧಾರವಾಯಿತು. ದೂರದೇಶದವರಿಗೆ ಕಂಡದ್ದು ನೆರೆಯವರಾದ ನಮಗೆ ಕಾಣಲಿಲ್ಲ! ಮರಳಿ ಬಂದ ವಾರದಲ್ಲೇ ಹೋದೆವು. ನಮ್ಮಿಬ್ಬರ ಹೊರತು ಅಲ್ಲಿ ಯಾರೂ ಇರಲಿಲ್ಲ. ಇದು ಗೆರೆ ಹಿಡಿದು ಸಮನಾಗಿ ಹಂಚಿದ ತೋಟ, ಜಪಾನಿನ ಬಗೆಯದಲ್ಲ. ಆದರೂ ಗೋಡೆಯ ಮೇಲೆ ತಲೆಯೆತ್ತಿದ ಮೌಲಾಲಿಯ ಬಂಡೆಯನ್ನು ಕಂಡಾಗ, ಹೊರಗಿನ ಬೆಟ್ಟವನ್ನು ತೋಟದೊಳಕ್ಕೆ ‘ಕಡ ತರುವ’ ಜಪಾನೀಯರ ಕ್ರಮವು ನೆನಪಿಗೆ ಬಂದಿತು.

ಇವೆಲ್ಲ ಸಿರಿವಂತರ ವಿಲಾಸ, ಬಡ ಪ್ರಜೆಗಳ ಬೆವರಿನಿಂದ ಆದವು ಎಂದು ಕೆಲವರು ಆಕ್ಷೇಪಿಸಬಹುದು. ಆ ಮಾತು ಸುಳ್ಳಲ್ಲ. ಕೆನ್ರೊಕುಎನ್ ಕೂಡ ಸರ್ವಜನರಿಗೆ ತೆರೆದದ್ದು 1874ರಲ್ಲಿಯೇ. ಆದರೆ ಬೆವರು ಹರಿಸಿದವರ ಮಕ್ಕಳು ಒಳಹೊಕ್ಕು ನಡೆಯುವುದೇ ಆ ಅನ್ಯಾಯಕ್ಕೆ ತಕ್ಕ ಪರಿಹಾರವೆಂದು ನಾವು ಭಾವಿಸುತ್ತೇವೆ. ಜಪಾನೀಯರಿಗೆ ಶಿಸ್ತು ಹುಟ್ಟುಗುಣ, ನಮಗೆ ಅದು ಸಾಧ್ಯವಿಲ್ಲ ಎಂಬುದು ಮತ್ತೊಂದು ಮಾತು. ಇದನ್ನು ನಾವು ಒಪ್ಪುವುದಿಲ್ಲ. ಹಗ್ಗವನ್ನು ಕಟ್ಟುವುದು ಹುಟ್ಟುಗುಣವಲ್ಲ, ಕೈಗೆಲಸ. ಒಮ್ಮೆ ಕಟ್ಟಿದರೆ ಸಾಲದು, ವರ್ಷವರ್ಷವೂ ಕಟ್ಟಬೇಕು. ಜೀರ್ಣೋದ್ಧಾರಕ್ಕೆ ಹಣ ಸಾಕು. ಉಳಿವಿಗೆ ಬೇಕಾದುದು ಬಳಕೆ. ಹೆಜ್ಜೆ ಬೀಳದ ದಾರಿಯಲ್ಲಿ ಹುಲ್ಲು ಬೆಳೆಯುವುದು ಲೋಕನಿಯಮ.

ಆದುದರಿಂದ ನಮ್ಮ ಸೂಚನೆಯಿಷ್ಟು. ಕಾರ್ತಿಕದಲ್ಲಿ ವನಭೋಜನಕ್ಕೆ ಹೋಗುವ ಪದ್ಧತಿ ನಮ್ಮಲ್ಲಿದೆ. ಆ ದಿನ ಶಾಲೆಯ ಒಂದು ತರಗತಿಯಾದರೂ ಈ ತೋಟಕ್ಕೆ ಹೋಗಲಿ. ಅದು ಸಮಾಧಿಸ್ಥಳವಾದುದರಿಂದ ಊಟವನ್ನು ಬೇರೆಡೆ ಇಟ್ಟುಕೊಳ್ಳಬಹುದು. ಉಪನ್ಯಾಸವೂ ಬೇಡ, ಮಕ್ಕಳು ಮೆಲ್ಲನೆ ಒಂದು ಸುತ್ತು ನಡೆಯಲಿ. ಒಬ್ಬೊಬ್ಬರೂ ಒಂದೊಂದು ಗಿಡವನ್ನು ಗುರುತಿಟ್ಟುಕೊಂಡು, ಮರುವರ್ಷ ಬಂದು ಅದು ಹೇಗಿದೆಯೆಂದು ನೋಡಲಿ.

ಮುಂದೊಂದು ದಿನ ಈ ಮಕ್ಕಳಲ್ಲಿ ಯಾರಾದರೂ ದೂರದೇಶಕ್ಕೆ ಹೋದಾರು. ಯಾರಾದರೂ ಅವರನ್ನು ಅದೇ ಪ್ರಶ್ನೆ ಕೇಳಿಯಾರು. ಆಗ ಅವರು ನಮ್ಮಂತೆ ತಲೆ ತಗ್ಗಿಸದಿರಲಿ.